ಕೂಸಿರುವ ಮನೆಯಲ್ಲಿ ಕೌದಿಯ ಕಾಯಕ

ಕೂಸಿರುವ ಮನೆಯಲ್ಲಿ ಕೈಗೆಲಸ ಸಾಗುವುದು ಕಷ್ಟವೆಂಬುದು ತಾಯಂದಿರೆಲ್ಲರ ಅನುಭವ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ತೊಟ್ಟಿಲಿನಿಂದ ಅಳು ಕೇಳಿಸುತ್ತದೆ. ಅಳು ನಿಲ್ಲಿಸಿ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಮಠದ ಪ್ರಸಾದನಿಲಯದಲ್ಲಿ ಬೆಳೆದು, ವ್ಯಾಕರಣ ಮತ್ತು ವಚನಗಳ ಅಧ್ಯಯನದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನಮಗೆ ಈ ವಿಷಯವಾಗಿ ಬರೆಯಲು ಏನು ಅಧಿಕಾರವೆಂದು ಸೋದರಿಯರು ಕೇಳಬಹುದು. ನಿಜವಾಗಿ ಯಾವ ಅಧಿಕಾರವೂ ಇಲ್ಲ. ಆದರೆ ತನ್ನ ತಪ್ಪನ್ನು ತಾನು ಒಪ್ಪಿಕೊಳ್ಳುವ ಅಧಿಕಾರ ಎಲ್ಲರಿಗೂ ಉಂಟು. ಅಂಥದೊಂದು ತಪ್ಪನ್ನೂ, ಅದನ್ನು ತಿದ್ದಿಕೊಳ್ಳಲು ಹೊರಟಾಗ ಕಲಿತ ನಾಲ್ಕು ಮಾತುಗಳನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ.

ಕೌದಿಯೆಂದರೆ ಏನೆಂದು ಉತ್ತರ ಕರ್ನಾಟಕದ ಓದುಗರಿಗೆ ಹೇಳಬೇಕಾದುದಿಲ್ಲ. ಅನ್ಯ ಪ್ರಾಂತದವರಿಗಾಗಿ ಹೇಳುವುದಾದರೆ, ಉಟ್ಟು ಹಳತಾದ ಇಳಕಲ್ಲ ಸೀರೆ, ಧೋತರ, ಗುಳೇದಗುಡ್ಡದ ಖಣದ ಕುಪ್ಪಸ ಇವೆಲ್ಲ ಎರಡನೆಯ ಜನ್ಮ ಪಡೆಯುವುದು ಕೌದಿಯಲ್ಲಿ. ಕೆಳಗೊಂದು ಗಟ್ಟಿ ಬಟ್ಟೆಯನ್ನು ಹಾಸಿ, ನಡುವೆ ಮೆತ್ತಗಾದ ಹಳೆಯ ಸೀರೆಗಳನ್ನಿಟ್ಟು, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಗಿನವರೆಗೆ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳಗಳ ಸಿದ್ದಿ ಜನಾಂಗದ ತಾಯಂದಿರೂ ಇದೇ ಬಗೆಯಲ್ಲಿ ಹೊಲಿದು, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಇಡುತ್ತಾರೆ. ಬಂಗಾಳದಲ್ಲಿ ಇದರ ಸೋದರಿಗೆ ಕಾಂಥಾ ಎಂದು ಹೆಸರು. ಸಂಸ್ಕೃತದ ಕಂಥಾ ಶಬ್ದವೇ ಕನ್ನಡದಲ್ಲಿ ಕಂತೆಯಾಗಿದೆ. ಬೊಂತೆಯೆಂಬ ಹಳೆಯ ಮಾತಿಗೂ ಇದೇ ಅರ್ಥ. ಕಾಶ್ಮೀರದ ರಾಜಕುಮಾರಿಯಾಗಿದ್ದು ಎಲ್ಲವನ್ನೂ ತೊರೆದು ಕಲ್ಯಾಣಕ್ಕೆ ಬಂದಳೆಂದು ಪರಂಪರೆ ಹೇಳುವ ಶರಣೆ ಬೊಂತಾದೇವಿಯ ಹೆಸರು ಬಂದದ್ದು ಈ ಬೊಂತೆಯಿಂದಲೇ. ಅರಮನೆಯ ಪಟ್ಟೆ ಪೀತಾಂಬರವನ್ನು ಬಿಟ್ಟವಳ ಹೆಸರಿನಲ್ಲಿ ಚಿಂದಿಯ ಹೊದಿಕೆ ಉಳಿಯಿತು.

ಇಷ್ಟೆಲ್ಲವನ್ನೂ ಗ್ರಂಥಗಳಿಂದ ಬಲ್ಲವರಾಗಿದ್ದ ನಾವು ನಮ್ಮ ಪಡಸಾಲೆಯಲ್ಲಿ ಹಾಸಿದ್ದ ಕೌದಿಯನ್ನು ಮಾತ್ರ ಕಾಣದೆ ಹೋದೆವು.

ಅದು 1991ರ ಮಾತು. ನಮ್ಮ ಹಿರಿಯ ಮಗ ಆಗ ಹನ್ನೊಂದು ತಿಂಗಳ ಕೂಸು. ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತುತ್ತಿದ್ದ. ನಮ್ಮ ಧರ್ಮಪತ್ನಿ ತನ್ನ ತಾಯಿಯ ಹಳೆಯ ಸೀರೆಗಳನ್ನು ತವರಿನಿಂದ ತಂದು ಕೌದಿಯೊಂದನ್ನು ಹೂಡಿದ್ದಳು. ಮೂರು ಸುತ್ತು ಹೊಲಿಗೆ ಆಗಿತ್ತು. ಒಂದು ಮಧ್ಯಾಹ್ನ ಕೂಸು ಮೇಲಿಂದ ಮೇಲೆ ಬಂದು ಸೂಜಿಗೆ ಕೈ ಹಾಕುತ್ತಿದ್ದುದನ್ನು ಕಂಡು ಆಕೆ ನಮ್ಮ ಕಡೆಗೆ ತಿರುಗಿ, “ಒಂದ್ ತಾಸು ಕೂಸಿನ್ನ ಎತ್ಕೋತೀರೇನ್ರೀ? ಇದೊಂದು ಸುತ್ತು ಮುಗಸ್ತೇನಿ” ಎಂದಳು. ನಾವು ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತದೆ, “ಬರಿಯೂದು ಕಾಣಂಗಿಲ್ಲೇನು? ಕೌದಿ ನಾಳೆ ಹೊಲದರಾತು” ಎಂದೆವು.

ಆಗ ನಾವು ಬರೆಯುತ್ತಿದ್ದುದು ಶರಣರ ಕಾಯಕತತ್ತ್ವವನ್ನು ಕುರಿತ ಲೇಖನ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ, ನೂಲುವ ರಾಟೆಯ ಅಂಗಾಂಗಗಳಲ್ಲಿಯೇ ತ್ರಿಮೂರ್ತಿಗಳನ್ನು ಕಂಡ ಕದಿರೆ ರೆಮ್ಮವ್ವೆಯನ್ನೂ ಅದರಲ್ಲಿ ಕೊಂಡಾಡಿದ್ದೆವು. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂದು ಸಾಧಿಸಿದ್ದೆವು. ಲೇಖನ ಅಚ್ಚಾಯಿತು, ನಾಲ್ಕು ಜನ ಮೆಚ್ಚಿದರು. ಪತ್ನಿ ಆ ದಿನವೇ ಕೌದಿಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ಒಂದು ತಾಸು ಕೂಸನ್ನು ಹಿಡಿಯಿರೆಂದು ಮತ್ತೆ ಎಂದೂ ಕೇಳಲಿಲ್ಲ. ಮುಂದೆ ಇನ್ನಿಬ್ಬರು ಮಕ್ಕಳಾದರು. ಹೂಬತ್ತಿ ಹೊಸೆದಳು, ಲಿಂಗವಸ್ತ್ರ ಹೊಲಿದಳು, ಮಕ್ಕಳಿಗೆ ಕುಲಾವಿ ಕಟ್ಟಿದಳು. ಆ ಕೌದಿ ಮಾತ್ರ ಹೊರಗೆ ಬರಲಿಲ್ಲ. 2019ರಲ್ಲಿ ಆಕೆ ಲಿಂಗೈಕ್ಯಳಾದಳು.

ಕೆಲವು ವರ್ಷಗಳು ಕಳೆದವು. ಹಿರಿಯ ಮಗನಿಗೆ ಹೆಣ್ಣು ಮಗುವಾಯಿತು. ಮೊಮ್ಮಗಳಿಗೆ ಎರಡು ವರ್ಷ ತುಂಬಿದ ಕಾರ್ತಿಕ ಮಾಸದಲ್ಲಿ, ಚಳಿಗೆ ಹೊದೆಯಲು ಏನಾದರೂ ಸಿಕ್ಕೀತೆಂದು ಸೊಸೆ ಆ ಟ್ರಂಕನ್ನು ತೆರೆದಳು. ಒಣಗಿ ಪುಡಿಯಾದ ಬೇವಿನೆಲೆಗಳ ನಡುವೆ ಕೌದಿ ಇದ್ದಿತು. ನಾಲ್ಕನೆಯ ಸುತ್ತಿನ ಆರಂಭದಲ್ಲಿ ಸೂಜಿ ಚುಚ್ಚಿದ್ದಲ್ಲಿಯೇ ನಿಂತಿತ್ತು. ಅದಕ್ಕೆ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆಯಾಗಿತ್ತು. “ಮಾವಾರ, ಇದು ಅತ್ತ್ಯಾರು ಹಾಕಿದ ಹೊಲಿಗಿ ಏನ್ರೀ? ಯಾಕ ಅರ್ಧಕ್ಕ ಬಿಟ್ರು?” ಎಂದು ಕೇಳಿದಳು. ಹೊಲಿಗೆ ಅವರದೇ ಎಂದಷ್ಟೇ ಹೇಳಿದೆವು. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಅದನ್ನು ತಾನು ಮುಗಿಸುವೆನೆಂದು ಸೊಸೆ ಉತ್ಸಾಹದಿಂದ ಕುಳಿತಳು. ಮದುವೆಗೆ ಮುಂಚೆ ಕಸೂತಿ ಕಲಿತವಳು. ಕೂಸು ಹುಟ್ಟಿದ ಮೇಲೆ ಸೂಜಿ ಮುಟ್ಟಿರಲಿಲ್ಲ. ಹಗಲು ಬಿಡುವಿಲ್ಲದುದರಿಂದ ರಾತ್ರಿ ಕೂಸು ಮಲಗಿದ ಮೇಲೆ ಹೊಲಿಯತೊಡಗಿದಳು. ಎಂಟು ದಿನಗಳಲ್ಲಿ ಕಣ್ಣು ಕೆಂಪಾದವು, ಮಾತು ಬಿರುಸಾಯಿತು. ಹಗಲು ಹೊಲಿಯಲು ಯತ್ನಿಸಿದರೆ ಕೂಸಿನ ಕೈಗೆ ಮೊಬೈಲು ಕೊಟ್ಟು ಕೂಡಿಸಬೇಕಾಗುತ್ತಿತ್ತು. ಅದು ಆಕೆಗೇ ಸರಿಯೆನಿಸಲಿಲ್ಲ. ಒಂದು ದಿನ ಹಳೆಯ ಅಂಗಿಯ ತುಂಡಿನಲ್ಲಿ ಉಳಿದಿದ್ದ ಗುಂಡಿಯನ್ನು ಕೂಸು ಕಿತ್ತು ಬಾಯಿಗೆ ಹಾಕಿಕೊಂಡಿತು. ಗುಂಡಿ ಇನ್ನೂ ನಾಲಗೆಯ ತುದಿಯಲ್ಲಿದ್ದುದರಿಂದ ತೆಗೆದಳು. ಆ ಮೇಲೆ ಬಹಳ ಹೊತ್ತು ಕೂಸನ್ನು ಅಪ್ಪಿಕೊಂಡು ಕುಳಿತಿದ್ದಳು. ಸಂಜೆ ಕೌದಿಯನ್ನು ಮಡಿಸುತ್ತ, “ಇದು ಕೂಸಿರೂ ಮನ್ಯಾಗಿನ ಕೆಲಸಲ್ಲ ಬಿಡ್ರಿ, ಮಾವಾರ” ಎಂದಳು.

ಮಡಿಸುವ ಆ ಎರಡು ಕೈಗಳನ್ನು ನಾವು ಮೊದಲೊಮ್ಮೆ ನೋಡಿದ್ದೆವು. ಅಂದು ತಲೆ ಎತ್ತಿರಲಿಲ್ಲವಾದರೂ ಕಣ್ಣಂಚಿಗೆ ಕಂಡಿದ್ದವು. “ನಾಳೆಯಿಂದ ಮಧ್ಯಾಹ್ನ ಒಂದು ತಾಸು ಕೂಸು ನಮ್ಮದು” ಎಂದೆವು. ಸೊಸೆ ನಂಬಲಿಲ್ಲ. ನಂಬದಿದ್ದುದು ಸಹಜವೇ ಆಗಿತ್ತು.

ಮೊದಲ ದಿನ ನಾವು ಸೋತೆವು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಾಲ್ಯದಲ್ಲಿ ಕಂಠಪಾಠ ಮಾಡಿದ್ದ ಅಮರಕೋಶವನ್ನು ರಾಗವಾಗಿ ಹೇಳಿದೆವು. ಕೂಸು ಹತ್ತು ನಿಮಿಷದಲ್ಲಿ ಅಳತೊಡಗಿತು. ನಾಮಲಿಂಗಾನುಶಾಸನದಿಂದ ಎರಡು ವರ್ಷದ ಕೂಸಿಗೆ ಸಮಾಧಾನವಾಗುವುದಿಲ್ಲವೆಂಬುದು ನಮಗೆ ಹೊಸ ಜ್ಞಾನ. ಎರಡನೆಯ ದಿನ ನಮಗೆ ಮಠದ ಬಾಲ್ಯ ನೆನಪಾಯಿತು. ನೂಲಿನ ಎಳೆಗಳನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ತೊಡೆಯ ಮೇಲೆ ಹೊಸೆದು ಶಿವದಾರ ಮಾಡುವುದನ್ನು ಅಲ್ಲಿಯ ಹಿರಿಯರು ನಮಗೆಲ್ಲ ಕಲಿಸಿದ್ದರು. ನಲವತ್ತು ವರ್ಷಗಳ ಮೇಲೆ ಮತ್ತೆ ಹೊಸೆಯಲು ಕುಳಿತೆವು. ಕೂಸು ಅಳು ನಿಲ್ಲಿಸಿ, ದಾರ ಗರಗರನೆ ತಿರುಗುವುದನ್ನು ನೋಡಿತು. ಬಳಿಕ ತನ್ನ ಕಾಲನ್ನೂ ಮುಂದೆ ಚಾಚಿತು. ಆ ಪುಟ್ಟ ಹೆಬ್ಬೆರಳಿಗೂ ಒಂದು ಎಳೆಯನ್ನು ಸಿಕ್ಕಿಸಿದೆವು. ಆ ದಿನ ಒಂದು ತಾಸು ಸಂದದ್ದೇ ತಿಳಿಯಲಿಲ್ಲ. ಒಳಗೆ ಸೊಸೆಯ ಸೂಜಿ ನಡೆದಿತ್ತು.

ಮುಂದಿನ ತಿಂಗಳುಗಳಲ್ಲಿ ನಮ್ಮ ಮನೆ ಕಲಿತ ಕೆಲವು ಸಂಗತಿಗಳನ್ನು ಎಳೆಯ ತಾಯಂದಿರ ಉಪಯೋಗಕ್ಕಾಗಿ ಹೇಳುತ್ತೇವೆ.

ಮೊದಲನೆಯದು, ಕೂಸಿರುವ ಮನೆಯಲ್ಲಿ ಕೆಲಸವನ್ನು ತಾಸಿನಿಂದ ಅಳೆಯದೆ ದಾರದಿಂದ ಅಳೆಯಬೇಕು. ಸೂಜಿಗೆ ಎರಡು ಮೊಳ ದಾರ ಪೋಣಿಸಿದರೆ ಅದು ತೀರುವವರೆಗೆ ಒಂದು ಕೆಲಸ. ನಡುವೆ ಏಳಬೇಕಾದರೂ ಕೌದಿ ಮುನಿಯುವುದಿಲ್ಲ. ಬಿಟ್ಟಲ್ಲಿಂದ ಮತ್ತೆ ಹಿಡಿಯಬಹುದು. ಕಸೂತಿಯ ರೀತಿ ಬೇರೆ. ಅಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯಬೇಕು. ಗವಂತಿ ಹೊಲಿಗೆಯಲ್ಲಿ ಮುಂದೆ ಹೋಗುವಾಗ ಬಿಟ್ಟ ತೆರಪನ್ನು ಹಿಂದೆ ಬರುವಾಗ ತುಂಬಿ, ಎರಡೂ ಮಗ್ಗುಲು ಒಂದೇ ಸಮನಾಗಿ ಕಾಣುವಂತೆ ಮಾಡಬೇಕು. ನಡುವೆ ಕೂಸು ಕರೆದರೆ ಎಣಿಕೆ ತಪ್ಪಿತು, ತಪ್ಪಿದ್ದನ್ನು ಬಿಚ್ಚಬೇಕು. ಆದುದರಿಂದ ಸೊಸೆ ಕಸೂತಿಯನ್ನು ಕೂಸು ದೊಡ್ಡದಾಗುವ ಕಾಲಕ್ಕೆ ಕಾಯ್ದಿರಿಸಿ, ಈಗ ಕೌದಿಯನ್ನೇ ಹಿಡಿದಳು. ಕೆಲಸವನ್ನು ಆರಿಸುವಾಗ ಅದು ಎಷ್ಟು ಚೆಂದವೆಂಬುದಕ್ಕಿಂತ ಎಷ್ಟು ಸಲ ಬಿಟ್ಟು ಏಳಬಹುದೆಂಬುದನ್ನು ನೋಡುವುದು ಒಳ್ಳೆಯದು.

ಎರಡನೆಯದು ಎಚ್ಚರಿಕೆ. ಹಳೆಯ ಬಟ್ಟೆಯನ್ನು ಕತ್ತರಿಸುವ ಮುನ್ನವೇ ಗುಂಡಿ, ಕೊಂಡಿ, ಮಣಿಗಳನ್ನೆಲ್ಲ ಬಿಚ್ಚಿ ಡಬ್ಬಿಯಲ್ಲಿ ಹಾಕಿ ಮೇಲಿಡಬೇಕು. ಮೂರು ವರ್ಷದೊಳಗಿನ ಕೂಸು ಕಂಡುದನ್ನೆಲ್ಲ ಬಾಯಿಯಿಂದಲೇ ಪರೀಕ್ಷಿಸುತ್ತದೆ. ಸೂಜಿಗಳು ಎರಡಕ್ಕಿಂತ ಹೆಚ್ಚು ಬೇಡ. ಅವುಗಳನ್ನು ಕೆಂಪು ಬಟ್ಟೆಯ ತುಂಡಿಗೆ ಚುಚ್ಚಿ, ಏಳುವಾಗೊಮ್ಮೆ ಎಣಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಉದ್ದನೆಯ ದಾರವನ್ನೂ ಕೂಸಿನ ಬಳಿ ಬಿಟ್ಟು ಏಳಬಾರದು. ಕೊರಳಿಗೆ ಸುತ್ತಿಕೊಳ್ಳುವ ಭಯವುಂಟು. ಶಿವದಾರ ಹೊಸೆಯುವಾಗ ನಾವೂ ಕೂಸಿನ ಪಕ್ಕದಿಂದ ಕದಲುತ್ತಿರಲಿಲ್ಲ.

ಮೂರನೆಯದು, ಕೂಸಿಗೂ ಅದರ ಯೋಗ್ಯತೆಗೆ ತಕ್ಕ ಕೆಲಸ ಬೇಕು. ಮೊಮ್ಮಗಳಿಗೆ ಚಿಂದಿಯ ಬುಟ್ಟಿಯನ್ನು ಕೊಟ್ಟು ಕೆಂಪನ್ನು ಕೆಂಪಿನೊಡನೆ, ಹಸಿರನ್ನು ಹಸಿರಿನೊಡನೆ ಇಡಲು ಹೇಳಿದೆವು. ತಪ್ಪಾಗಿ ಇಟ್ಟರೂ ತಿದ್ದಲಿಲ್ಲ. ವ್ಯಾಕರಣ ಕಲಿಸಿದ ನಮಗೆ ತಿದ್ದದೆ ಇರುವುದೇ ಅತ್ಯಂತ ಕಠಿಣ ವ್ರತವಾಯಿತು. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗಳದಲ್ಲಿ ಕುಳಿತು ಎರೆಮಣ್ಣು ಕಲಸಿದೆವು. ಆಕೆ ಮಾಡಿದ ಎತ್ತಿಗೆ ಮೂರೇ ಕಾಲು, ಒಂದು ಕೊಂಬು. ಅದನ್ನೇ ಜಗುಲಿಯ ಮೇಲಿಟ್ಟು ಪೂಜಿಸಿದೆವು. ನಮ್ಮ ಹಿರಿಯರು ಆಷಾಢದಲ್ಲಿ ಗುಳ್ಳವ್ವನನ್ನೂ, ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪನನ್ನೂ ಇಟ್ಟು ಮಕ್ಕಳ ಕೈಗೆ ವರ್ಷವೆಲ್ಲ ಮಣ್ಣಿನ ಪಾಠವನ್ನು ಒದಗಿಸಿದ್ದಾರೆ. ನಾವು ಅದನ್ನು ಮರೆಯದಿದ್ದರೆ ಸಾಕು.

ನಾಲ್ಕನೆಯದೇ ಮುಖ್ಯ. ಮೇಲಿನ ಮೂರೂ ಸಾಗಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಕೂಸನ್ನು ಎತ್ತಿಕೊಳ್ಳಬೇಕು. ತಾಯಿಗೆ ಬಿಡುವು ತಾನಾಗಿ ಒದಗುವುದಿಲ್ಲ. ಅದನ್ನು ಯಾರಾದರೂ ಕೊಡಬೇಕು. ದಾಸೋಹವೆಂದರೆ ಅನ್ನ, ಅರ್ಥಗಳ ನೀಡಿಕೆಯೆಂದು ಅನೇಕ ವೇದಿಕೆಗಳಲ್ಲಿ ವ್ಯಾಖ್ಯಾನಿಸಿದ್ದೇವೆ. ತನ್ನ ಒಂದು ತಾಸನ್ನು ಮನೆಯವರ ಕೈಗೆ ಸಲ್ಲಿಸುವುದೂ ದಾಸೋಹವೇ ಎಂಬುದು ನಮಗೆ ಹೊಳೆದದ್ದು ಅರುವತ್ತು ದಾಟಿದ ಮೇಲೆ. ಕಾಯಕವನ್ನು ಕುರಿತು ಬರೆಯುವ ಕೈ ಎದುರಿನ ಕಾಯಕಕ್ಕೆ ಎಡೆಗೊಡದಿದ್ದರೆ ಆ ಬರವಣಿಗೆಗೆ ಬೆಲೆಯೇನು? ಪತ್ನಿ ಕೇಳಿದ್ದು ಒಂದೇ ತಾಸು. ಆ ದಿನ ಬರೆದ ಹಾಳೆಗಳು ಎಲ್ಲಿವೆಯೋ, ನಮ್ಮಲ್ಲಂತೂ ಉಳಿದಿಲ್ಲ. ಆಕೆಯ ಮೂರು ಸುತ್ತು ಹೊಲಿಗೆ ಉಳಿದಿದೆ.

ಕೌದಿ ಮುಗಿಯಲು ಏಳು ತಿಂಗಳು ಹಿಡಿಯಿತು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಸೊಸೆ ಕೊನೆಯ ಸುತ್ತಿಗೆ ಬಂದಳು. ಕೊನೆಯ ತೆರಪನ್ನು ಹೊಲಿದು ಮುಚ್ಚುವ ಮುನ್ನ ನಾಲ್ಕು ಜೋಳದ ಕಾಳುಗಳನ್ನು ಒಳಗಿಡುವುದು ನಮ್ಮ ಮನೆಯ ರೂಢಿ. ಕೌದಿಯ ಹೊಟ್ಟೆ ಹಸಿದಿರಬಾರದೆಂದು ನಮ್ಮ ತಾಯಿ ಹೇಳುತ್ತಿದ್ದರು. ಆ ಕಾಳುಗಳನ್ನು ಮೊಮ್ಮಗಳು ಇಟ್ಟಳು. “ಅಜ್ಜಾ, ನೀನೂ ಹೊಲಿ” ಎಂದಳು. ಸೊಸೆ ನಗುತ್ತ ಸೂಜಿಯನ್ನು ನಮ್ಮ ಕೈಗೆ ಕೊಟ್ಟಳು. ಒಂದು ಗೇಣು ಹೊಲಿಯುವಷ್ಟರಲ್ಲಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡೆವು.

ಅಂದು ರಾತ್ರಿ, ಕೌದಿಯನ್ನು ಅತ್ತೆ ಅರ್ಧಕ್ಕೆ ಬಿಟ್ಟದ್ದೇಕೆಂಬುದನ್ನು ಸೊಸೆಗೆ ಹೇಳಿದೆವು. ಆಕೆ ಸುಮ್ಮನೆ ಕೇಳಿದಳು. ಮಗನೂ ಅಲ್ಲಿಯೇ ಕುಳಿತಿದ್ದ. ಆ ಹನ್ನೊಂದು ತಿಂಗಳ ಕೂಸು ಅವನೇ. ಮರುದಿನ ಭಾನುವಾರ. ಮಧ್ಯಾಹ್ನ ನಾವು ಏಳುವ ಮೊದಲೇ ಅವನು ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದ.

ಈಗ ಆ ಕೌದಿಯನ್ನು ಮೊಮ್ಮಗಳು ಹೊದೆಯುತ್ತಾಳೆ. ಅಂಚಿನ ಮೂರು ಸುತ್ತುಗಳಲ್ಲಿ ಹೊಲಿಗೆ ಸಣ್ಣದು, ಒತ್ತಾದುದು. ಒಳಗಿನದು ತುಸು ಉದ್ದ. ಅಲ್ಲಲ್ಲಿ ದಾರದ ಬಣ್ಣ ಬದಲಾಗಿದೆ. ನಡುವೆ ಒಂದು ಗೇಣು ಸೊಟ್ಟಗಿದೆ. ತುಕ್ಕಿನ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಅದರ ಮೇಲೊಂದು ತುಂಡು ಹಚ್ಚಲೇ ಎಂದು ಸೊಸೆ ಕೇಳಿದ್ದಳು. ಬೇಡ, ಇರಲಿ ಎಂದೆವು.

ಈ ಪುಟಗಳನ್ನು ಓದುವ ತಂದೆಯರಲ್ಲಿ, ಅಜ್ಜಂದಿರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿಯೂ ಅರ್ಧಕ್ಕೆ ನಿಂತ ಕೌದಿ, ಕುಲಾವಿ, ಕಸೂತಿ ಎಲ್ಲಿಯೋ ಮಡಿಸಿ ಇಟ್ಟಿರಬಹುದು. ಅದರ ಒಡತಿ ಇನ್ನೂ ಎದುರಿಗಿರುವಾಗಲೇ ಇಂದು ಮಧ್ಯಾಹ್ನ ಒಂದು ತಾಸು ಕೂಸನ್ನು ಎತ್ತಿಕೊಳ್ಳಿರಿ. ಕೇಳುವವರೆಗೆ ಕಾಯಬೇಡಿರಿ.