ಮಳೆಗೆ ಮುಂಚೆ ಒಂದು ಪದರ

ಗಾಡಿಯ ಹೊಳಪು ಡಬ್ಬಿಯಲ್ಲಿ ಬರುವುದಿಲ್ಲ. ಅದು ಬಣ್ಣದಲ್ಲೇ ಇರುತ್ತದೆ. ಅದರ ಮೇಲೆ ಧೂಳು, ಅಂಟು, ಸುಣ್ಣದ ಚುಕ್ಕೆ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬಂದು ಕುಳಿತಿರುತ್ತವೆ, ಅಷ್ಟೆ. ಅವನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಬಣ್ಣ ತಾನಾಗಿ ಎದ್ದು ಬರುತ್ತದೆ. ವ್ಯಾಕ್ಸ್ ಮಾಡುವುದು ಎಂದರೆ ಹಚ್ಚುವುದು ಎಂದು ಹೊರಗಿನವರು ತಿಳಿಯುತ್ತಾರೆ. ಹಚ್ಚುವುದು ಕಡೆಯ ಒಂದು ಪಾಲು. ಉಳಿದದ್ದೆಲ್ಲ ತೆಗೆಯುವ ಕೆಲಸ. ನಾನು ಇದನ್ನು ಇಷ್ಟು ಹಚ್ಚಿಕೊಂಡದ್ದು ಆ ತೆಗೆಯುವ ಕೆಲಸಕ್ಕಾಗಿಯೇ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಗಾಡಿ ಕಡುಗಂದು ಬಣ್ಣದ ಬೊಲೆರೊ ಕ್ಯಾಂಪರ್. ಮುಂದೆ ಮನೆಯವರು ಕೂರುತ್ತೇವೆ, ಹಿಂದೆ ಗೊಬ್ಬರ, ಸೊಪ್ಪು, ಏಣಿ, ಅಡಿಕೆ ಮೂಟೆ. ಮೇ ಕೊನೆಯಲ್ಲಿ ನಾನು ಬಕೆಟ್ಟು, ಬಟ್ಟೆಗಳ ಕಟ್ಟು ಹಿಡಿದು ಅಂಗಳಕ್ಕಿಳಿದರೆ ಆಚೆಮನೆಯ ಹಿರಿಯರು ಬೇಲಿಯಾಚೆಯಿಂದಲೇ ಕೇಳುತ್ತಾರೆ: “ನಾಳೆ ಕೆಸ್ರಿಗೆ ಇಳಿಯೋ ಗಾಡಿ. ಇಷ್ಟೆಲ್ಲ ಉಜ್ಜಿ ಏನ್ ಮಾಡ್ತೀರಿ ಮಾರಾಯ್ರೆ?”

ಕೆಸರಿಗೆ ಇಳಿಯುವ ಗಾಡಿಗೇ ಇದು ಬೇಕಾದದ್ದು ಎಂದು ನಾನು ನಂಬಿದ್ದೇನೆ. ಪೇಟೆಯ ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತ ಕಾರಿಗೆ ಶತ್ರುಗಳು ಕಡಿಮೆ. ತೋಟದ ಗಾಡಿಯ ಪಾಡು ಬೇರೆ. ಎಳೆಯ ಅಡಿಕೆ ಬೇಯಿಸುವ ಕಾಲಕ್ಕೆ ಅದು ಬಿಡುವ ಚೊಗರು ಹಿಂಬದಿಯಲ್ಲಿ ಸುರಿದು ಒಣಗಿದರೆ ಅದರ ಕೆಂಪು ಸುಲಭಕ್ಕೆ ಬಿಡುವುದಿಲ್ಲ. ಹಲಸಿನ ಮರದಡಿ ನಿಲ್ಲಿಸಿದರೆ ಅಂಟು. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಬಣ್ಣದ ಮೇಲೆ ಅಚ್ಚು ಒತ್ತುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬೋರ್ಡೋ ದ್ರಾವಣ. ಕೊಳೆರೋಗ ತಡೆಯಲು 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ, ಮಳೆಗೆ ತೊಳೆದುಹೋಗದಿರಲೆಂದು ರಾಳವನ್ನೂ ಸೇರಿಸಿ ಗೊನೆಗಳಿಗೆ ಹೊಡೆಯುತ್ತೇವೆ. ಅದರ ತುಂತುರು ಗಾಡಿಗೂ ಬಡಿಯುತ್ತದೆ. ಗೊನೆಗೆ ಅಂಟಿಕೊಳ್ಳಲೆಂದು ಮಾಡಿದ ಮದ್ದು ಬಾನೆಟ್ಟಿಗೂ ಅಷ್ಟೇ ಗಟ್ಟಿಯಾಗಿ ಅಂಟುತ್ತದೆ. ಹೀಗಾಗಿ ಮದ್ದು ಹೊಡೆಯುವುದಕ್ಕೆ ಮುಂಚೆಯೇ ಗಾಡಿಯ ಮೈಮೇಲೆ ಒಂದು ಪದರ ಇರಬೇಕು.

ಕಾಪಾಡುತ್ತಿರುವುದು ಎಷ್ಟು ತೆಳ್ಳಗಿನದು ಎಂದು ತಿಳಿದ ಮೇಲೆ ಕೈ ಹಗುರಾಗುತ್ತದೆ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಎಲ್ಲದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲೋ, ಹತ್ತನೆಯ ಒಂದು ಪಾಲೋ. ಕ್ಲಿಯರ್ ಕೋಟ್ ಒಂದೇ ಆದರೆ 50 ಮೈಕ್ರಾನಿನ ಆಸುಪಾಸು, ತಲೆಗೂದಲಿಗಿಂತ ತೆಳು. ಬಿಸಿಲು, ಮಳೆ, ಚೊಗರು, ಸುಣ್ಣ ಎಲ್ಲವನ್ನೂ ಮೊದಲು ಎದುರಿಸುವುದು ಇದೇ.

ತೊಳೆಯುವುದರಲ್ಲಿ ನಮಗೊಂದು ಭಾಗ್ಯವಿದೆ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಹರಿದು ಬರುವ ನೀರು ಮೆದುವಾದದ್ದು, ಒಣಗಿದರೂ ಕಲೆ ಉಳಿಸುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಪ್ರತಿ ಹನಿಯೂ ಒಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ಮೊದಲು ಪೈಪು ಹಿಡಿದು ಕೆಂಪು ಮಣ್ಣನ್ನೆಲ್ಲ ಇಳಿಸುತ್ತೇನೆ. ಮಣ್ಣಿನ ಕಣ ಇರುವಾಗಲೇ ಬಟ್ಟೆ ಆಡಿಸಿದರೆ ಆ ಬಟ್ಟೆಯೇ ಉಪ್ಪುಕಾಗದ. ಆಮೇಲೆ ಎರಡು ಬಕೆಟ್ಟು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿ ನೀರು. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ. ಗುಂಡಗೆ ತಿಕ್ಕಿದ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ನೋಡಿ, ಜೇಡರಬಲೆಯ ಗೀರುಗಳು ಸೂರ್ಯನ ಬಿಂಬದ ಸುತ್ತ ಎದ್ದು ಕಾಣುತ್ತವೆ. ನೆಲಕ್ಕೆ ಬಿದ್ದ ಬಟ್ಟೆ ಆ ದಿನ ಮತ್ತೆ ಗಾಡಿಯನ್ನು ಮುಟ್ಟಬಾರದು. ಈ ಒಂದು ನಿಯಮದಲ್ಲಿ ನನಗೆ ರಾಜಿಯಿಲ್ಲ.

ತೊಳೆದು ಒರೆಸಿದ ಮೇಲೆ ಕಣ್ಣಿಗೆ ಎಲ್ಲ ಚೊಕ್ಕ. ಆಗ ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ಟಿನ ಮೇಲೆ ಮೆಲ್ಲಗೆ ಸವರಬೇಕು. ಬರಿಗೈಗೆ ಸಿಗದ ತರಿಗಳೆಲ್ಲ ಕವರಿನೊಳಗಿನ ಬೆರಳಿಗೆ ಸಿಗುತ್ತವೆ. ಬ್ರೇಕಿನ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ, ಒಣಗಿದ ಮರದ ರಸ. ಇವು ಬಣ್ಣದ ಮೇಲೆ ಕುಳಿತವಲ್ಲ, ಕಚ್ಚಿಕೊಂಡವು, ಸೋಪಿಗೆ ಬಗ್ಗುವುದಿಲ್ಲ. ಇದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆ ಬೇಕು. ಸೋಪಿನ ನೀರು ಧಾರಾಳವಾಗಿ ಚಿಮುಕಿಸಿ, ಚಪ್ಪಟೆ ಮಾಡಿದ ಆ ಮುದ್ದೆಯನ್ನು ಒತ್ತದೆ ಜಾರಿಸುತ್ತ ಹೋಗಬೇಕು. ಮೊದಮೊದಲು ಸರಸರ ಸದ್ದು ಬರುತ್ತದೆ, ಕೈಗೆ ತಡೆ ಸಿಗುತ್ತದೆ. ನಾಲ್ಕಾರು ಸಲ ಹೋಗಿ ಬರುವಷ್ಟರಲ್ಲಿ ಸದ್ದು ಕಡಿಮೆಯಾಗಿ, ಇದ್ದಕ್ಕಿದ್ದಂತೆ ತಡೆಯೇ ಇಲ್ಲದೆ ಮುದ್ದೆ ತೇಲಿಹೋಗುತ್ತದೆ. ಆ ಜಾಗ ಮುಗಿಯಿತು ಎಂದು ಕೈಯೇ ಹೇಳಿಬಿಡುತ್ತದೆ, ಕಣ್ಣಿನ ಹಂಗಿಲ್ಲ. ಮುದ್ದೆಯನ್ನು ತಿರುವಿ ನೋಡಿದರೆ ಬಣ್ಣದಿಂದ ಬಿಟ್ಟು ಬಂದ ಕಂದು ಕೊಳೆ. ಅದನ್ನು ಒಳಕ್ಕೆ ಮಡಚಿ, ಹೊಸ ಮೈ ಹೊರಗೆ ಮಾಡಿ ಮುಂದಿನ ಗೇಣಿಗೆ. ಇಡೀ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದ ಗಳಿಗೆ ಇದು.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್ ಕ್ಲಿಯರ್ ಕೋಟನ್ನು ಕೂದಲೆಳೆಗಿಂತ ಕಡಿಮೆ ಅಳತೆಯಲ್ಲಿ ಸವೆಸಿ ಗೀರುಗಳನ್ನು ಮಟ್ಟ ಮಾಡುತ್ತದೆ. ಸವೆದದ್ದು ತಿರುಗಿ ಬೆಳೆಯುವುದಿಲ್ಲವಾದ್ದರಿಂದ ಅದನ್ನು ನಾನು ಅಪರೂಪಕ್ಕೆ, ಬೇಕಾದ ಜಾಗಕ್ಕಷ್ಟೇ ಬಳಸುತ್ತೇನೆ.

ವ್ಯಾಕ್ಸಿಗೆ ನನ್ನ ಆಯ್ಕೆ ಕಾರ್ನೌಬಾ. ಈಚಿನ ಸೆರಾಮಿಕ್ ಲೇಪಗಳು ಹೆಚ್ಚು ಬಾಳುತ್ತವೆ, ನಿಜ. ಆದರೆ ಕಾರ್ನೌಬಾದ ಹುಟ್ಟು ನನ್ನಂಥ ತೋಟದವನಿಗೆ ಹತ್ತಿರದ್ದು. ಬ್ರೆಜಿಲ್ಲಿನ ಈಶಾನ್ಯ ಭಾಗದ ಒಣ ಸೀಮೆಯಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ ತನ್ನ ನೀರು ಆರಿಹೋಗದಿರಲೆಂದು ಎಲೆಯ ಮೇಲೆ ಮೇಣ ಹೊದೆಯುತ್ತದೆ. ಎಲೆ ಕೊಯ್ದು, ಬಿಸಿಲಿಗೆ ಒಣಗಿಸಿ, ಬಡಿದು ಉದುರಿಸಿದ ಪುಡಿಯೇ ಇದರ ಮೂಲ. ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ ಇದು 82ರ ಮೇಲಕ್ಕೆ ಹೋಗಬೇಕು. ಬಿಸಿಲಿನಲ್ಲಿ ಕಾದ ಬಾನೆಟ್ಟಿನ ಮೇಲೂ ನಿಲ್ಲುವ ಗಟ್ಟಿತನ ಅದು. ಒಂಟಿಯಾಗಿ ಹಚ್ಚಲಾಗದಷ್ಟು ಗಡಸಾದ್ದರಿಂದ ಎಣ್ಣೆ, ದ್ರಾವಕಗಳ ಜತೆ ಮೆದುಮಾಡಿ ಡಬ್ಬಿಗೆ ತುಂಬುತ್ತಾರೆ.

ಹಚ್ಚುವುದು ನೆರಳಿನಲ್ಲಿ, ತಣ್ಣನೆಯ ತಗಡಿನ ಮೇಲೆ, ಆದಷ್ಟು ತೆಳುವಾಗಿ. ದಪ್ಪ ಹಚ್ಚಿದರೆ ಹೆಚ್ಚು ಕಾಪಾಡುವುದಿಲ್ಲ, ಒರೆಸುವಾಗ ತೋಳು ನೋಯುತ್ತದೆ ಅಷ್ಟೆ. ಕಿಟಕಿಯ ಅಂಚಿನ ಕಪ್ಪು ಪ್ಲಾಸ್ಟಿಕ್ಕಿಗೆ ತಗುಲಿದರೆ ಬಿಳಿ ಕಲೆ ನಿಲ್ಲುತ್ತದೆ, ಅದಕ್ಕೆ ಅಲ್ಲಿ ಬೆರಳ ತುದಿಯ ಕೆಲಸ. ತುಸು ಹೊತ್ತಿಗೆ ಗಾಡಿಯೆಲ್ಲ ಮಸುಕಾಗುತ್ತದೆ. ಒಂದು ಬೆರಳು ಎಳೆದು ನೋಡಿದಾಗ ಗೆರೆ ಸ್ವಚ್ಛವಾಗಿ ಮೂಡಿದರೆ ಒರೆಸುವ ಸಮಯ ಬಂದಂತೆ. ಮೇ ಕೊನೆಯ ಸೆಕೆಗೆ ಇದು ನಿಧಾನ. ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಂದೊಂದು ಮೈಯನ್ನೇ ಬಳಸುತ್ತ ಒರೆಸುತ್ತ ಹೋದ ಹಾಗೆ, ಮಸುಕಿನಡಿಯಿಂದ ಕಡುಗಂದು ಮೇಲಕ್ಕೆ ಬರುತ್ತದೆ. ಬಾಗಿಲ ಮೇಲೆ ಅಡಿಕೆ ಮರಗಳ ಸಾಲು ಬೀಳುತ್ತದೆ. ಹಿಂದಿನ ಮಗುಚುವ ಬಾಗಿಲು, ಚಾವಣಿ, ಬಾಗಿಲ ಸಂದು ಇವನ್ನು ಬಿಡುವವರೇ ಹೆಚ್ಚು. ನೀರು ನಿಲ್ಲುವುದು ಅಲ್ಲೇ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಸುರಿಯುವ ಮಳೆಯ ಒಂದಷ್ಟು ಪಾಲು ನಮ್ಮೂರಿಗೂ ಇದೆ. ಮೊದಲ ಮಳೆಯ ದಿನ ಬಾನೆಟ್ಟಿನ ಮೇಲೆ ನೀರು ಹಾಸದೆ, ಕೆಸುವಿನ ಎಲೆಯ ಮೇಲಿನಂತೆ ಗುಂಡು ಹನಿಯಾಗಿ ಉರುಳುತ್ತದೆ. ಕೆಸುವಿನ ಎಲೆಯೂ ಆ ಉಪಾಯ ಮಾಡುವುದು ತನ್ನ ಮೇಲಿನ ಮೇಣದಿಂದಲೇ. ಶ್ರಾವಣದ ಹೊತ್ತಿಗೆ ಹನಿಗಳು ಚಪ್ಪಟೆಯಾಗುತ್ತ ಬರುತ್ತವೆ. ಪದರ ಸವೆಯಿತು ಎಂದು ಅದರ ಅರ್ಥ. ಆಯುಧಪೂಜೆಯ ಮುಂಚೆ ಬಿಸಿಲು ಕಂಡ ದಿನ ಇನ್ನೊಂದು ಸುತ್ತು ಆಗಲೇಬೇಕು. ಕುಂಕುಮ, ಅರಿಶಿನ ಆಗ ಒಂದು ಒರೆಸಿಗೆ ಹೋಗುತ್ತವೆ.

ಈ ಸಲ ಆಚೆಮನೆಯ ಹಿರಿಯರು ಬೇಲಿ ದಾಟಿ ಬಂದು ಬಾಗಿಲ ಮೇಲೆ ಅಂಗೈ ಆಡಿಸಿದರು. “ನನ್ನ ಜೀಪಿಗೂ ಆಗುತ್ತಾ?” ಎಂದರು. ಅವರದು ಹಳೆಯ ಹಸಿರು ಜೀಪು, ಬಿಸಿಲಿಗೆ ಬಣ್ಣ ಸುಣ್ಣದಷ್ಟು ಮಾಸಿದೆ. ಅದರ ಮೇಲೆ ಕ್ಲಿಯರ್ ಕೋಟ್ ಇರಲಾರದು. ಪಾಲಿಶ್ ಮಾಡಿದರೆ ಬಟ್ಟೆಗೇ ಹಸಿರು ಹತ್ತುತ್ತದೆ. ಹತ್ತುವುದು ಸತ್ತ ಬಣ್ಣ, ಅದರಡಿಯಲ್ಲಿ ಜೀವಂತ ಬಣ್ಣ ಇನ್ನೂ ಇರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಮೊದಲು ಒಂದು ಮೂಲೆಯಲ್ಲಿ, ಗೇಣಗಲ ಜಾಗದಲ್ಲಿ ಮಾಡಿ ನೋಡಬೇಕು. “ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ತನ್ನಿ” ಎಂದಿದ್ದೇನೆ.