‘ಏನೂ ಆಗಿಲ್ಲೇಳೋ’

ನಮ್ಮ ಬಿಜ್ಜರಗಿ ಕಡೆ ಆಟದಲ್ಲಿ ಬಿದ್ದ ಹುಡುಗನಿಗೆ ಮೊದಲು ಸಿಗುವ ಔಷಧಿ ಒಂದು ಮಾತು: ‘ಏನೂ ಆಗಿಲ್ಲೇಳೋ!’ ಎರಡನೇದು ಬಿಸಿನೀರು, ಎಣ್ಣೆ ಹಚ್ಚಿ ನೀವೋದು. ಮೂರನೇದು, ನೋವು ಸ್ವಲ್ಪ ಇಳಿದ ಕೂಡಲೇ ಮತ್ತೆ ಅಂಗಳಕ್ಕೆ ಇಳಿಸೋದು. ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿ, ಭಾರ ಎತ್ತೋದು ನೋಡ್ತಾ ಬೆಳೆದ ಮಂದಿ ನಾವು. ನೋವು ತಡಕೊಂಡವನೇ ಗಟ್ಟಿ ಆಳು ಅಂತ ನಂಬಿದವರು.

ಹೋದ ವರ್ಷ ಅಕ್ಕನ ಮಗ ಕಬಡ್ಡಿ ಆಡುವಾಗ ಪಾದದ ಕೀಲು ಉಳುಕಿಸಿಕೊಂಡ. ಒಂಬತ್ತನೇ ಕ್ಲಾಸು, ಒಳ್ಳೆ ರೇಡರ್. ಹನ್ನೆರಡು ದಿನಕ್ಕೆ ತಾಲೂಕು ಮಟ್ಟದ ಮ್ಯಾಚು. ಬೆಂಗಳೂರಿಂದ ಫೋನ್ ಮಾಡಿ, ‘ಅಕ್ಕಾ, ನೀವಿಸಬ್ಯಾಡ, ಮೊದಲು ಎಕ್ಸ್‌ರೇ ತೆಗಿಸು’ ಅಂದೆ. ‘ತಮ್ಮಾ, ಉಳಕಿದ್ದಕ್ಕೆಲ್ಲಾ ಎಕ್ಸ್‌ರೇ ಯಾರು ತೆಗಸ್ತಾರೋ? ಟೀಮ್ ಇವನ ಮ್ಯಾಲೇ ನಿಂತದ, ಮಂದಿ ಏನಂದಾರು?’ ಅಂದಳು.

ಅಕ್ಕನ ಪ್ರಶ್ನೆಗೆ ಉತ್ತರ ಇದೆ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೆತ್ತನೆಯ ಬೆಳವಣಿಗೆಯ ಪಟ್ಟಿ ಇರುತ್ತೆ. ಎಲುಬನ್ನು ಎಲುಬಿಗೆ ಕಟ್ಟುವ ನಾರಿಗಿಂತ ಅದೇ ದುರ್ಬಲ. ದೊಡ್ಡವರಿಗೆ ಬರೀ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಆ ಪಟ್ಟಿಯನ್ನೇ ಮುರಿದಿರಬಹುದು. ಅದನ್ನು ನೀವಿದರೆ ಇನ್ನಷ್ಟು ಕೆಡುತ್ತೆ. ಹಾಗಾದ್ರೆ ಎಕ್ಸ್‌ರೇ ಯಾವಾಗ ಬೇಕು? ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಸರಳ ನಿಯಮ ಕೊಟ್ಟರು. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಕೀಲಿನ ಅಕ್ಕಪಕ್ಕದ ಎಲುಬು ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಸಿ. ಮೊದಲ ಎರಡು ಮೂರು ದಿನ ನೀವೋದು, ಬಿಸಿ ಶಾಖ ಎರಡೂ ಬೇಡ. ಬಟ್ಟೆ ಸುತ್ತಿದ ಐಸ್, ಬಿಗಿ ಅನಿಸದಂತೆ ಪಟ್ಟಿ, ಕಾಲು ದಿಂಬಿನ ಮೇಲೆ. ಅಷ್ಟು ಸಾಕು.

ಕೊನೆಗೆ ವಿಜಯಪುರಕ್ಕೆ ಕರಕೊಂಡು ಹೋದರು. ಎಲುಬು ಸರಿ ಇತ್ತು, ನಾರು ಅರ್ಧ ಹರಿದಿತ್ತು. ಡಾಕ್ಟರು ಆರು ವಾರ ಆಟ ಬೇಡ ಅಂದರು. ಮ್ಯಾಚ್ ಹೋಯ್ತು, ಟೀಮೂ ಸೋತಿತು. ಹುಡುಗ ನನ್ನ ಜೊತೆ ಹದಿನೈದು ದಿನ ಮಾತಾಡಲಿಲ್ಲ. ‘ಮಾಮಾನಿಂದಾನೇ ಸೋತ್ವಿ’ ಅಂದನಂತೆ. ಅವನ ಸಿಟ್ಟೂ ಸುಳ್ಳಲ್ಲ. ನಮ್ಮ ಕಡೆ ಹುಡುಗರಿಗೆ ಆಟ ಅಂದ್ರೆ ಸ್ಪೋರ್ಟ್ಸ್ ಹಾಸ್ಟೆಲ್, ಕೋಟಾದಲ್ಲಿ ನೌಕರಿ. ಒಂದು ಮ್ಯಾಚ್ ತಪ್ಪಿದ್ರೆ ಬಾಗಿಲೇ ಮುಚ್ಚಿದಂಗೆ.

ಆದ್ರೆ ಒಮ್ಮೆ ಉಳುಕಿದ ಕೀಲೇ ಮತ್ತೆ ಉಳುಕೋದು ಜಾಸ್ತಿ. ನೋವು ಹೋಯ್ತು ಅಂದ್ರೆ ವಾಸಿ ಆಯ್ತು ಅಂತಲ್ಲ. ಪಾದ ಎಲ್ಲಿ, ಹೇಗೆ ಊರಿದೆ ಅಂತ ಮೆದುಳಿಗೆ ತಿಳಿಸುವ ಶಕ್ತಿಯೂ ಪೆಟ್ಟಿನಿಂದ ಕುಂದಿರುತ್ತೆ. ಅದು ತಾನಾಗಿ ಪೂರ್ತಿ ಬರಲ್ಲ, ಕಲಿಸಬೇಕು. ಅದಕ್ಕೆ ಜಿಮ್ ಬೇಡ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲೋದು, ಆಮೇಲೆ ಕಣ್ಣು ಮುಚ್ಚಿ ನಿಲ್ಲೋದು. ನಮ್ಮ ಹುಡುಗ ದಿನಾ ಬಚ್ಚಲ ಮುಂದೆ ಕೊಕ್ಕರೆ ಹಾಗೆ ನಿಲ್ಲುತ್ತಿದ್ದ.

ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಆಟ ಬಿಟ್ಟಿದ್ದರು. ವೇಗದ ಬೌಲರ್‌ಗೆ ಭುಜ ಅಂದ್ರೆ ಬದುಕು. ಅದೇ ಶ್ರೀನಾಥ್ 2003ರ ವಿಶ್ವಕಪ್ ಫೈನಲ್‌ನಲ್ಲೂ ಬೌಲಿಂಗ್ ಮಾಡಿದರು.

ಗಾಯ ಆಗದಂತೆ ನೋಡಿಕೊಳ್ಳೋದೂ ಕಷ್ಟವಲ್ಲ. ‘ಫಿಫಾ 11 ಪ್ಲಸ್’ ಅಂತ 20 ನಿಮಿಷದ ವಾರ್ಮ್‌ಅಪ್ ಇದೆ: ಓಟ, ಜಿಗಿತ, ಮೊಣಕಾಲು ಒಳಗೆ ವಾಲದಂತೆ ನೆಲಕ್ಕೆ ಇಳಿಯೋದು, ಸಮತೋಲ. ನಾರ್ವೆಯ ಫುಟ್‌ಬಾಲ್ ಹುಡುಗಿಯರು ಅದನ್ನು ತಪ್ಪದೆ ಮಾಡಿದಾಗ ಒಟ್ಟು ಗಾಯಗಳು ಮೂರನೇ ಒಂದರಷ್ಟು ಇಳಿದವು ಅಂತ 2008ರ ಅಧ್ಯಯನ ಹೇಳುತ್ತೆ. ಖರ್ಚಿಲ್ಲ, ಒಬ್ಬ ಪಿ.ಟಿ. ಮಾಸ್ತರರ ಮನಸ್ಸು ಬೇಕು.

ನಮ್ಮ ಹುಡುಗ ಈಗ ಆಡ್ತಾನೆ. ನಿಮ್ಮ ಮನೆಯಲ್ಲೂ ಅಂಥವನಿದ್ದರೆ ಅಂಗಳಕ್ಕೆ ಬಿಡುವ ಮುಂಚೆ ಪೆಟ್ಟಾದ ಕಾಲಲ್ಲಿ ಹತ್ತು ಸಲ ಕುಪ್ಪಳಿಸೋಕೆ ಹೇಳಿ. ಮುಖ ಕಿವುಚದೆ, ಇನ್ನೊಂದು ಕಾಲಿನಷ್ಟೇ ಸಲೀಸಾಗಿ ಕುಪ್ಪಳಿಸಿದರೆ ಮೊದಲು ಓಟ, ಆಮೇಲೆ ಪ್ರಾಕ್ಟೀಸ್, ಕಡೆಗೆ ಮ್ಯಾಚ್. ಇಲ್ಲಾಂದ್ರೆ ಇನ್ನೊಂದು ವಾರ ಕಾಯಿರಿ, ಅವನು ನಿಮ್ಮ ಮೇಲೆ ಸಿಟ್ಟಾದರೂ ಸರಿ.