ಗಾಜಿನ ಪೆಟ್ಟಿಗೆ ಹೊತ್ತವರು

ಮುನವಳ್ಳಿಗೆ ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಹಾಯ್ದು ಧಾರವಾಡಕ್ಕೆ ಹಳಿ ಹಾಕಿರಿ ಎಂದು ಮನವಿ ಕೊಟ್ಟವರ ಮಕ್ಕಳು ಈಗ ಅದೇ ಮನವಿ ಹಿಡಿದು ಓಡಾಡುತ್ತಿದ್ದಾರೆ. ಹಾಗಾಗಿ ನಮ್ಮೂರಿಗೆ ಬರುವ ಗಾಜಿನ ಸಾಮಾನೆಲ್ಲ, ಬಳೆ, ಕಂದೀಲಿನ ಬುರುಡೆ, ಕಟ್ಟು ಹಾಕಿಸಿದ ಎಲ್ಲಮ್ಮನ ಫೋಟೋ, ಧಾರವಾಡದಲ್ಲಿ ರೈಲಿಳಿದು, ಲಾರಿ ಹತ್ತಿ, ಅಮ್ಮಿನಬಾವಿ, ಇನಾಮಹೊಂಗಲದ ತಗ್ಗುದಿನ್ನೆಗಳಲ್ಲಿ ಕುಣಿದುಕೊಂಡು ಬರಬೇಕಿತ್ತು. ಆ ಲಾರಿಗಳು ನಿಲ್ಲುತ್ತಿದ್ದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಬಿಲ್ಟಿ, ಅಂದರೆ ಮಾಲಿನ ರಸೀದಿ ಬರೆಯುವುದು, ಹಮಾಲಿ ಲೆಕ್ಕ ಇಡುವುದು ನನ್ನ ಕೆಲಸ.

ಆ ಗೋದಾಮನ್ನು ಈಚೆಗೆ ಕೆಡವಿದರು. ಅಲ್ಲೀಗ ಮಳಿಗೆಗಳು ಏಳುತ್ತಿವೆ. ಹಳೆಯ ಬಿಲ್ಟಿ ಪುಸ್ತಕಗಳು ಅದಕ್ಕೂ ಮೊದಲೇ ಹೋಗಿದ್ದವು. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಊರೊಳಗೆ ನುಗ್ಗಿದಾಗ ಕಟ್ಟುಕಟ್ಟಾಗಿ ನೆನೆದು ಮುದ್ದೆಯಾದವು. ಇನ್ನು ನನ್ನ ತಲೆಯಲ್ಲಿ ಇದ್ದದ್ದೇ ದಾಖಲೆ. ಅದಕ್ಕೂ ವಯಸ್ಸಾಗಿದೆ, ಆದರೆ ನೆನೆದಿಲ್ಲ.

ಇದನ್ನೆಲ್ಲ ಬರೆಯಲು ಹಚ್ಚಿದವಳು ತಂಗಿಯ ಮೊಮ್ಮಗಳು. ಮನೆಯಲ್ಲೇ ಕುಳಿತು ಫೋನಿನ ಮೇಲೆ ಬಳೆ ಮಾರುತ್ತಾಳೆ. ಹಸಿರು ಬಳೆ, ಸೀಮಂತದ ಸೆಟ್ಟು, ಮದುವೆ ಸೆಟ್ಟು. ಬೆಂಗಳೂರು, ಪುಣೆಗೆಲ್ಲ ಕಳಿಸುತ್ತಾಳೆ. ಒಂದು ದಿನ ಕೆಂಪು ಚೀಟಿಗಳ ಸುರುಳಿ ಹಿಡಿದು ಬಂದಳು. "ಅಜ್ಜಾ, ಈ ಫ್ರಜೈಲ್ ಸ್ಟಿಕ್ಕರ್ ಒಂದು ಡಬ್ಬಿಗೆ ಎಷ್ಟು ಹಚ್ಚಬೇಕೋ? ಆರೂ ಮಗ್ಗಲಿಗೆ ಹಚ್ಚೇನಿ, ಆದರೂ ಒಡದು ವಾಪಸ್ ಬಂದೈತಿ."

ಆಗ ನನಗೆ ಕಾಕಾ ನೆನಪಾದರು. ಹೆಸರು ಬೇಡ. ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ಹಮಾಲರ ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣ ಆಳು, ಗಾಜಿನ ಮಾಲು ಬಂತೆಂದರೆ ಮಾತ್ರ ಎಲ್ಲರಿಗೂ ಮೇಲಿನವರು.

ಬಳೆ ಬರುತ್ತಿದ್ದದ್ದು ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ಆಗ ನಮ್ಮ ಕಡೆಯದು ಮೀಟರ್‌ಗೇಜ್ ಹಳಿ. ಮಿರಜದಲ್ಲಿ ಬ್ರಾಡ್‌ಗೇಜ್ ಡಬ್ಬಿಯಿಂದ ಇಳಿಸಿ ಮೀಟರ್‌ಗೇಜ್ ಡಬ್ಬಿಗೆ ತುಂಬಬೇಕು. ಅಂದರೆ ನಮ್ಮ ಹೊಸ್ತಿಲಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಎಷ್ಟೋ ಕೈ ದಾಟಿರುತ್ತಿತ್ತು. ಕಟ್ಟಿಗೆ ಪೆಟ್ಟಿಗೆ, ಒಳಗೆ ಒಣಹುಲ್ಲು, ಮೇಲೆ ಕಪ್ಪು ಮಸಿಯಲ್ಲಿ ಇಂಗ್ಲಿಷಿನಲ್ಲಿ 'ಗ್ಲಾಸ್ ವಿತ್ ಕೇರ್'. ಕಾಕಾಗೆ ಇಂಗ್ಲಿಷಿರಲಿ, ಕನ್ನಡ ಅಕ್ಷರವೂ ಬರುತ್ತಿರಲಿಲ್ಲ. ಹಲಗೆಯ ಸಂದಿನಲ್ಲಿ ಹುಲ್ಲು ಇಣುಕಿದರೆ ಅವರಿಗೆ ಸಾಕು. ಪೆಟ್ಟಿಗೆಯನ್ನು ಎದೆಗವಚಿ, ಕಿವಿ ಹಚ್ಚಿ, ಒಮ್ಮೆ ಮೆಲ್ಲಗೆ ಅಲುಗಿಸುತ್ತಿದ್ದರು. ಝಣ ಎಂದರೆ ಸರಿ. ಘಳಘಳ ಎಂದರೆ "ಬರೀರಿ ಬಾಬುರ, ಒಡಕ ಬಂದೈತಿ" ಎನ್ನುವರು. ನಾನು ಬಿಲ್ಟಿಯ ಅಂಚಿನಲ್ಲಿ ಹಾಗೆ ಬರೆದುಕೊಳ್ಳುತ್ತಿದ್ದೆ. ಅವರು ಹೇಳಿದ್ದು ಸುಳ್ಳಾದದ್ದು ನಾನು ಕಂಡಿಲ್ಲ.

ಲಾರಿ ತುಂಬುವಾಗ ಅವರದೊಂದು ಕಟ್ಟಳೆ. ಗಾಜು ಯಾವತ್ತೂ ಹಿಂಬದಿಗೆ ಹೋಗಕೂಡದು, ಹಿಂದಿನ ಗಾಲಿಯಾಚೆ ಚಾಚಿದ ಭಾಗವೇ ತಗ್ಗು ಬಂದಾಗ ಎಲ್ಲಕ್ಕಿಂತ ಹೆಚ್ಚು ಜಿಗಿಯುವುದು. ಡ್ರೈವರನ ಬೆನ್ನ ಹಿಂದೆ, ಕಡಲೆ ಚೀಲಗಳ ನಡುವೆ ಅದರ ಜಾಗ. ಎಣ್ಣೆ ಡಬ್ಬಿಯ ಪಕ್ಕ ಬೇಡ, ಸಿಮೆಂಟಿನ ಪಕ್ಕ ಬೇಡವೇ ಬೇಡ. ಇಳಿಸುವಾಗ ನೆಲದ ಮೇಲೆ ಮಡಿಚಿದ ಗೋಣಿತಟ್ಟು ಹಾಸದೆ ಪೆಟ್ಟಿಗೆ ಇಟ್ಟ ಹುಡುಗನಿಗೆ ಬೈಗುಳ ಖಂಡಿತ.

ರಾಮದುರ್ಗ, ಯರಗಟ್ಟಿ, ಬೈಲಹೊಂಗಲದ ಅಂಗಡಿಗಳಿಗೆ ಮಾಲು ಹಂಚಿ ಕಳಿಸುವಾಗ ಮರುಕಟ್ಟುವಿಕೆಯೂ ಅವರದೇ. ಡಾಲ್ಡಾ ಡಬ್ಬಿಯ ತಗಡಿನಲ್ಲಿ ಯಾರೋ ಅವರಿಗೆ ಅಚ್ಚು ಕೊರೆದುಕೊಟ್ಟಿದ್ದರು. ಇಂಗ್ಲಿಷಿನ ಗ್ಲಾಸ್, ಅದರಲ್ಲಿ ಕೊನೆಯ ಎಸ್ ತಿರುವುಮುರುವು. ವರ್ಷಗಟ್ಟಲೆ ಆ ತಿರುಗಿದ ಎಸ್ ಸುತ್ತಲಿನ ಊರುಗಳಿಗೆಲ್ಲ ಹೋಯಿತು. ರಾಮದುರ್ಗದ ವ್ಯಾಪಾರಿಗಳು ಅದನ್ನು ನೋಡಿಯೇ "ಮುನೋಳಿ ಪೆಟ್ಟಗಿ, ಬಿಚ್ಚಿ ನೋಡೂದು ಬ್ಯಾಡ" ಎಂದು ಸಹಿ ಹಾಕುತ್ತಿದ್ದರು. ದೀಪದ ಕಾಡಿಗೆಯನ್ನು ಚಿಮಣಿ ಎಣ್ಣಿಯಲ್ಲಿ ಕಲಸಿ, ಚಿಂದಿ ಉಂಡೆಯಿಂದ ಅಚ್ಚಿನ ಮೇಲೆ ಒತ್ತುತ್ತಿದ್ದರು. ಚಿಮಣಿ ಎಣ್ಣಿ, ಒಣಹುಲ್ಲು, ಹಸಿ ಗೋಣಿ ಮೂರೂ ಕೂಡಿದ ಆ ವಾಸನೆ ಸಂಜೆ ಮನೆಗೆ ಹೋದರೂ ನನ್ನ ಅಂಗಿ ಬಿಡುತ್ತಿರಲಿಲ್ಲ. ಈಗಿನ ಟೇಪಿಗೆ ಯಾವ ವಾಸನೆಯೂ ಇಲ್ಲ.

ಗುಡ್ಡದ ಜಾತ್ರೆಯ ಹಂಗಾಮು ಬಂದರೆ ನಮಗೆ ನಿದ್ದೆ ಇಲ್ಲ. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಬಳೆ ತೆಗೆಯುತ್ತಾರೆ, ಭರತ ಹುಣ್ಣಿಮೆಗೆ ಮತ್ತೆ ಹಸಿರು ಬಳೆ ಇಡುತ್ತಾರೆ. ನಡುವಿನ ಎರಡು ತಿಂಗಳಲ್ಲಿ ಬರುವ ಮಾಲು ಲೆಕ್ಕಕ್ಕೆ ಸಿಗದು. ಅಂಥ ಒಂದು ಹಂಗಾಮಿನಲ್ಲಿ ಸವದತ್ತಿಯ ಬಳೆ ವ್ಯಾಪಾರಿಯೊಬ್ಬರು ಗೋದಾಮಿಗೆ ಬಂದು ಹಮಾಲಿಗೆ ಚೌಕಾಸಿ ಹಚ್ಚಿದರು. ಗಾಜಿನ ಪೆಟ್ಟಿಗೆಗೆ ಕಾಕಾ ಒಂದು ರೂಪಾಯಿ ಕೇಳುತ್ತಿದ್ದರು, ಬೇರೆ ಮಾಲಿನ ಎರಡರಷ್ಟು.

"ಎಂಟಾಣೆ ಕೊಡ್ತೀನಿ. ಪೆಟ್ಟಗಿ ಅಂದ್ರ ಪೆಟ್ಟಗಿ, ಒಳಗೇನಿದ್ರ ನಿನಗೇನು?"

"ಎಂಟಾಣೆ ಕೊಡ್ರಿ ಸಾವಕಾರ್ರ, ಒಡದ ಬಳಿ ನೀವ ಎಣಸಿಕೋರಿ. ರೂಪಾಯಿ ಕೊಟ್ರ ಎಣಸೂ ಕೆಲಸ ಇಲ್ಲ."

ಸಾವಕಾರರು ಹನ್ನೆರಡಾಣೆಗೆ ಬಂದರು. ಕಾಕಾ ಬೀಡಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತರು. ಉಳಿದ ಹಮಾಲರೂ ಗಾಜು ಮುಟ್ಟಲಿಲ್ಲ. ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ಒಂದು ರೂಪಾಯಿ ಒಪ್ಪಿಗೆಯಾಯಿತು, ಮೇಲೆ ಎಲ್ಲರಿಗೂ ಚಹಾ. ಮಾಲು ಚಕ್ಕಡಿಯಲ್ಲಿ ಸವದತ್ತಿಗೆ ಹೋಯಿತು, ದೂರು ಬರಲಿಲ್ಲ.

ಆ ಕಾಲ ಚಂದವಿತ್ತು ಎಂದು ಬರೆಯಲು ಕೈ ಓಡುತ್ತದೆ, ಆದರೆ ಬಿಲ್ಟಿ ಬರೆದವನು ನಾನು. ಅದರ ಮೇಲೆ 'ಓನರ್ಸ್ ರಿಸ್ಕ್' ಎಂಬ ಮುದ್ರೆ ಒತ್ತುತ್ತಿದ್ದವನೂ ನಾನೇ. ಒಡೆದರೆ, ಸೋರಿದರೆ ಕಂಪನಿ ಜವಾಬ್ದಾರಿಯಲ್ಲ ಎಂದು ಹಿಂಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಕಾಗದದ ಪ್ರಕಾರ ಆಗಲೂ ಯಾರೂ ಹೊಣೆ ಹೊತ್ತಿರಲಿಲ್ಲ, ಹೊತ್ತವರು ಕಾಕಾ ಒಬ್ಬರೇ. ಅದೂ ನಾಳೆ ಬೆಳಿಗ್ಗೆ ಅದೇ ಸಾವಕಾರರು ಸಂತೆಯಲ್ಲಿ ಎದುರಾಗುತ್ತಾರೆಂಬ ಕಾರಣಕ್ಕೆ. ಕ್ವಿಂಟಲ್ ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ ಮೇಲೆ ಅವರಿಗೆ ಕಂಪನಿಯಿಂದ ಬಿಡಿಗಾಸೂ ಸಿಗಲಿಲ್ಲ. ಇನ್ನೊಂದು ಮಾತು. ಆ ಹಸಿರು ಬಳೆಗಳಲ್ಲಿ ಕೆಲವು, ಮುತ್ತು ಕಟ್ಟಿಸಿಕೊಂಡ ಎಳೆ ಹುಡುಗಿಯರ ಕೈಗೂ ಹೋಗುತ್ತಿದ್ದವು. 1982ರಲ್ಲಿ ದೇವದಾಸಿ ನಿಷೇಧದ ಕಾಯ್ದೆ ಬರುವ ತನಕ ಹೋದವು, ಬಂದ ಮೇಲೂ ಹೋದವು. ಗಾಜಿನ ವಿಷಯದಲ್ಲಿ ಅಷ್ಟು ಜೋಪಾನವಾಗಿದ್ದ ನಾವು ಆ ಮಕ್ಕಳ ಬಗ್ಗೆ ಬಾಯಿ ಬಿಡಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ರಟ್ಟಿನ ಡಬ್ಬಿ ಬಂತು, ಥರ್ಮೋಕೋಲ್ ಬಂತು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ನೋಡನೋಡುತ್ತ ದೇಶವೆಲ್ಲ ಹರಡಿತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಹಳಿ ಬ್ರಾಡ್‌ಗೇಜ್ ಆಗಿ, ಮಿರಜದಲ್ಲಿ ಮಾಲು ಬದಲಿಸುವುದು ನಿಂತಿತು. ಡಬ್ಬಿಗಳ ಮೇಲೆ ಅಕ್ಷರದ ಬದಲು ಕೊಡೆ, ಮೇಲ್ಮುಖ ಬಾಣ, ಕಾಲುಳ್ಳ ಗ್ಲಾಸಿನ ಚಿತ್ರ ಬಂದವು. ಓದು ಬಾರದವರಿಗೂ ತಿಳಿಯಲೆಂದು ಮಾಡಿದ ಚಿತ್ರ. ಕಾಕಾ ಆ ಗ್ಲಾಸು ನೋಡಿ, "ಇದರಾಗ ಸೆರೆ ಐತೇನ್ರಿ?" ಎಂದು ಡಬ್ಬಿಯನ್ನು ದೂರವೇ ಇಟ್ಟರು. ಒಳಗಿದ್ದದ್ದು ಮಿಕ್ಸರ್.

ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಮಾರಿದ್ದು ಪುಸ್ತಕ. ಪುಸ್ತಕ ಬಿದ್ದರೆ ಮೂಲೆ ಮಡಚುತ್ತದೆ, ಅಷ್ಟೆ. ಈಗ ಗಾಜಿನ ಬೋಗುಣಿಯೂ, ಬಳೆಯೂ ಅದೇ ದಾರಿಯಲ್ಲಿ ಹೋಗುತ್ತವೆ. ದೊಡ್ಡ ಕೇಂದ್ರಗಳಲ್ಲಿ ಡಬ್ಬಿ ಪಟ್ಟಿಯ ಮೇಲೆ ಓಡಿ ಜಾರುಬಂಡಿಯಿಂದ ಚೀಲಕ್ಕೆ ಬೀಳುತ್ತದೆ. ಅಲ್ಲಿ ಯಂತ್ರ ಓದುವುದು ಬಾರ್‌ಕೋಡ್ ಒಂದನ್ನೇ, ಕೆಂಪು ಚೀಟಿ ಅದಕ್ಕೆ ಕಾಣುವುದಿಲ್ಲ. ಇದು ಪ್ಯಾಕಿಂಗ್ ಬಲ್ಲವರಿಗೆ ಗೊತ್ತಿದೆ. 'ಇಸ್ಟಾ' ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಒಂದು ಪರೀಕ್ಷೆಯಲ್ಲಿ ಒಂಬತ್ತು ಕಿಲೋ ಒಳಗಿನ ಡಬ್ಬಿಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಕೆಡವುತ್ತಾರೆ. ಒಂದು ಮೂಲೆ, ಮೂರು ಅಂಚು, ಆರು ಮಗ್ಗಲು. ಡಬ್ಬಿ ಬಿದ್ದೇ ಬೀಳುತ್ತದೆ ಎಂದು ಮೊದಲೇ ಒಪ್ಪಿಕೊಂಡ ಲೆಕ್ಕ ಇದು. ಕಾಕಾ ಕೇಳಿದ್ದರೆ ಅವಮಾನವೆಂದುಕೊಳ್ಳುತ್ತಿದ್ದರು. ಆದರೆ ಚೀಟಿಗಿಂತ ಈ ಲೆಕ್ಕವೇ ಪ್ರಾಮಾಣಿಕ.

ಹುಡುಗಿಗೆ ನಾನು ಹೇಳಿದ್ದು: "ಒಂದ ಹಚ್ಚು. ಉಳದ ರೊಕ್ಕದಾಗ ಒಳಗ ಕಾಗದ ತುಂಬು. ಕಿವಿ ಹಚ್ಚಿ ಅಲುಗಿಸಿದ್ರ ಏನೂ ಸಪ್ಪಳ ಬರಬಾರದು. ಡಬ್ಬಿಯೊಳಗ ಇನ್ನೊಂದು ಡಬ್ಬಿ ಇಡು." ಹಾಗೆ ಮಾಡುತ್ತಿದ್ದಾಳೆ, ಒಡಕು ಕಡಿಮೆಯಾಗಿದೆ. ಇಷ್ಟಾಗಿಯೂ ಹಿಂದಿನ ಮಾಲಿನ ಹಣ ಅವಳ ಖಾತೆಯಿಂದಲೇ ಕಡಿತವಾಯಿತು, ಪ್ಯಾಕಿಂಗ್ ಸರಿಯಿಲ್ಲವಂತೆ. ನಾನು ಒತ್ತುತ್ತಿದ್ದ ಆ ಮುದ್ರೆ ಈಗ ಫೋನಿನೊಳಗೆ ಕುಳಿತಿದೆ.

ನಮ್ಮೂರಲ್ಲಿ ಒಡೆದ ಡಬ್ಬಿ ಬಂದರೆ ಜನ ಕೂಗಾಡುವುದು ಬೈಕಿನ ಮೇಲೆ ತಂದುಕೊಡುವ ಹುಡುಗನ ಮೇಲೆ. ಡಬ್ಬಿ ಎಲ್ಲಿ ಬಿತ್ತೆಂದು ಅವನಿಗೂ ತಿಳಿಯದು. ಬೆನ್ನಿಗೆ ತನಗಿಂತ ದೊಡ್ಡ ಚೀಲ, ಡಬ್ಬಿಗಿಷ್ಟು ಎಂದು ಕೂಲಿ. ಕಿವಿ ಹಚ್ಚಿ ಕೇಳುವಷ್ಟು ಪುರುಸೊತ್ತನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಇಂಥ ದುಡಿಮೆಯವರಿಗೆಂದು ಕರ್ನಾಟಕ ಸರಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ದುಡಿದವನಿಗೆ ಕೊಡುವ ಹಣದ ಶೇಕಡಾ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆದು ಅವರ ನಿಧಿಗೆ ಹಾಕಬೇಕೆಂದಿದೆ. ಹಮಾಲರಿಗೂ ಅಂಬೇಡ್ಕರ್ ಸಹಾಯ ಹಸ್ತ ಯೋಜನೆ ಇದೆ, ಕಾಕಾ ಇರುವಾಗ ಬರಲಿಲ್ಲ. ಮುಂದಿನ ಸಲ ನಿಮ್ಮ ಬಾಗಿಲಿಗೆ ಡಬ್ಬಿ ತಂದವನನ್ನು, ಹೆಸರು ನೋಂದಾಯಿಸಿದ್ದೀಯೇನಪ್ಪಾ ಎಂದು ಕೇಳಿರಿ. ಇಲ್ಲವೆಂದರೆ ಸವದತ್ತಿಯಲ್ಲೋ ಬೆಳಗಾವಿಯಲ್ಲೋ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಲು ಹೇಳಿರಿ.